ಹುಂಜದ ಜೋಲುತೊಗಲಿನ ಊತ: ಚಳಿಗಾಲದ ಕಾರಣಗಳು ಮತ್ತು ಆರೈಕೆ

ಗಂಡುಕೋಳಿಯ ಕೊಕ್ಕಿನ ಬುಡದಿಂದ ಗದ್ದದ ಎರಡೂ ಪಕ್ಕಗಳಲ್ಲಿ ಜೋತುಬಿದ್ದಿರುವ, ಗರಿಯಿಲ್ಲದ ಕೆಂಪು ಚರ್ಮದ ಮಡಿಕೆಗಳನ್ನು ಜೋಲುತೊಗಲು ಎನ್ನಬಹುದು. ಪಶುವೈದ್ಯರ ರೂಢಿಯಲ್ಲಿ ಇವಕ್ಕೆ ವ್ಯಾಟಲ್ ಎಂಬ ಹೆಸರಿದೆ. ಈ ಮಡಿಕೆಗಳಲ್ಲಿ ನೀರು, ರಕ್ತ ಅಥವಾ ಕೀವು ಸೇರಿ ಅವು ದಪ್ಪಗಾಗುವುದು ಸ್ವತಂತ್ರವಾದ ಒಂದು ರೋಗವಲ್ಲ. ಹಿಮಕಡಿತ, ಬ್ಯಾಕ್ಟೀರಿಯ ಅಥವಾ ವೈರಸ್ಸಿನ ಸೋಂಕು, ಕಾದಾಟದ ಗಾಯ ಇವುಗಳಲ್ಲಿ ಯಾವುದರಿಂದಲಾದರೂ ತಲೆದೋರಬಹುದಾದ ಲಕ್ಷಣ. ಚಳಿಗಾಲದಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದಾದರೂ ಚಳಿಯೇ ಅದರ ನೇರ ಕಾರಣವೋ ಅಲ್ಲವೋ ಎಂಬುದು ಹುಂಜವಿರುವ ಸೀಮೆಯನ್ನು ಅವಲಂಬಿಸಿದೆ. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಜನವರಿಯ ಬೆಳಿಗ್ಗೆ ಊದಿದ ಜೋಲುತೊಗಲನ್ನು ಕಂಡವರು ಮೊದಲು ಹಿಮಕಡಿತವನ್ನು ಶಂಕಿಸುವುದು ಸರಿ. ಅದೇ ತಿಂಗಳು ಹಾಸನದಲ್ಲೋ ಬೀದರಿನಲ್ಲೋ ಕಂಡರೆ ಸೋಂಕನ್ನು ಶಂಕಿಸಬೇಕು. ಆರೈಕೆಯ ಕ್ರಮವೆಲ್ಲ ಈ ಮೊದಲ ವಿಂಗಡಣೆಯ ಮೇಲೆ ನಿಂತಿದೆ. ಹಿಮಕಡಿತವಾದ ಹುಂಜದಿಂದ ಉಳಿದ ಕೋಳಿಗಳಿಗೆ ಅಪಾಯವಿಲ್ಲ, ಅದಕ್ಕೆ ಬೇಕಾದದ್ದು ನಿಧಾನವಾದ ಶಾಖ ಮತ್ತು ತಾಳ್ಮೆ. ಸೋಂಕು ತಗಲಿದ ಹುಂಜವಾದರೋ ಹಿಂಡಿನಲ್ಲಿ ಉಳಿದಷ್ಟು ಹೊತ್ತೂ ಕಾಯಿಲೆಯನ್ನು ಹರಡುತ್ತಲೇ ಇರುತ್ತದೆ.

ಜುಟ್ಟು ಮತ್ತು ಜೋಲುತೊಗಲು ಎರಡೂ ರಚನೆಯಲ್ಲಿ ಒಂದೇ ಬಗೆಯವು. ತೆಳುವಾದ ಹೊರಚರ್ಮದ ಕೆಳಗೆ ಸೂಕ್ಷ್ಮ ರಕ್ತನಾಳಗಳ ದಟ್ಟವಾದ ಬಲೆಯಿದ್ದು, ಅದರಲ್ಲಿ ಹರಿಯುವ ರಕ್ತವೇ ಅವುಗಳ ಕೆಂಪಿಗೆ ಕಾರಣ. ಕೋಳಿಗೆ ಬೆವರುಗ್ರಂಥಿಗಳಿಲ್ಲ, ಅದರ ಮೈಶಾಖ ಸಹಜವಾಗಿಯೇ 41ರಿಂದ 42 ಡಿಗ್ರಿ ಸೆಲ್ಸಿಯಸ್ಸಿನಷ್ಟಿರುವುದರಿಂದ, ಬೇಸಿಗೆಯಲ್ಲಿ ಹೆಚ್ಚಿನ ಶಾಖವನ್ನು ಹೊರಹಾಕಲು ಬಾಯಿ ತೆರೆದು ಏದುವುದರ ಜೊತೆಗೆ ಈ ಗರಿಯಿಲ್ಲದ ಭಾಗಗಳೂ ನೆರವಾಗುತ್ತವೆ. ಮೇವು ಸಿಕ್ಕಾಗ ಹುಂಜ ತಲೆ ಎತ್ತಿ ಇಳಿಸಿ ಹೇಂಟೆಯನ್ನು ಕರೆಯುವಾಗ ಜೋಲುತೊಗಲಿನ ತೂಗಾಟ ಆ ಕರೆಯನ್ನು ದೂರದಿಂದಲೂ ಎದ್ದುಕಾಣುವಂತೆ ಮಾಡುತ್ತದೆ. ಹುಂಜದಲ್ಲಿ ಇವು ಹೇಂಟೆಯದಕ್ಕಿಂತ ದೊಡ್ಡದಾಗಿ ಬೆಳೆಯುವುದು ವೃಷಣಗಳು ಸ್ರವಿಸುವ ಟೆಸ್ಟೊಸ್ಟೆರೋನ್ ಹಾರ್ಮೋನಿನಿಂದ. ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಆರ್ನಾಲ್ಡ್ ಅಡಾಲ್ಫ್ ಬರ್ಥೋಲ್ಡ್ 1849ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಮೊದಲು ಸೂಚಿಸಿತು: ವೃಷಣಗಳನ್ನು ತೆಗೆದ ಎಳೆಯ ಹುಂಜಗಳ ಜುಟ್ಟು, ಜೋಲುತೊಗಲು ಬೆಳೆಯದೆ ಉಳಿದವು, ವೃಷಣವನ್ನು ಹೊಟ್ಟೆಯೊಳಗೆ ಬೇರೆಡೆ ನೆಟ್ಟ ಹುಂಜಗಳಲ್ಲಿ ಅವು ಎಂದಿನಂತೆ ಬೆಳೆದು, ಆ ಹುಂಜಗಳು ಕೂಗಿದವು, ಕಾದಾಡಿದವು. ಹಾರ್ಮೋನ್ ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ ನಡೆದ ಈ ಪ್ರಯೋಗವನ್ನು ಅಂತಃಸ್ರಾವ ವಿಜ್ಞಾನದ ಆರಂಭವೆಂದು ಗಣಿಸಲಾಗುತ್ತದೆ. ರಕ್ತ ಹೇರಳ, ಗರಿಯ ಹೊದಿಕೆ ಇಲ್ಲ, ಗಾತ್ರ ದೊಡ್ಡದು ಎಂಬ ಈ ಮೂರು ಸಂಗತಿಗಳೇ ಚಳಿಗೂ ಸೋಂಕಿಗೂ ಗಾಯಕ್ಕೂ ಹುಂಜದ ಜೋಲುತೊಗಲು ಸುಲಭವಾಗಿ ತುತ್ತಾಗುವಂತೆ ಮಾಡಿವೆ.

ಉಷ್ಣತೆ ಶೂನ್ಯಕ್ಕಿಂತ ಕೆಳಗಿಳಿಯುವ ನಾಡುಗಳಲ್ಲಿ, ದೇಹದ ಒಳಗಿನ ಶಾಖವನ್ನು ಕಾಪಾಡಿಕೊಳ್ಳುವುದಕ್ಕಾಗಿ ತುದಿಭಾಗಗಳ ರಕ್ತನಾಳಗಳು ಕುಗ್ಗುತ್ತವೆ; ರಕ್ತ ತಲುಪದ ಜೀವಕೋಶಗಳ ನಡುವೆ ಮಂಜಿನ ಹರಳುಗಳು ಮೂಡಿ ಅಂಗಾಂಶ ಹಾಳಾಗುವುದನ್ನು ಹಿಮಕಡಿತ ಎನ್ನುತ್ತಾರೆ. ಹೆಪ್ಪುಗಟ್ಟಿರುವಾಗ ಜೋಲುತೊಗಲು ಬಿಳಿಚಿಕೊಂಡು ಗಟ್ಟಿಯಾಗಿರುತ್ತದೆ. ಊತ ಕಾಣಿಸುವುದು ಶಾಖ ಮರಳಿದ ಮೇಲೆ. ಜಖಂಗೊಂಡ ನಾಳಗಳ ಗೋಡೆಯಿಂದ ದ್ರವ ಸೋರಿ ಮಡಿಕೆ ಉಬ್ಬುತ್ತದೆ, ಕೆಲವೊಮ್ಮೆ ಬೊಕ್ಕೆಗಳೇಳುತ್ತವೆ. ಆದ್ದರಿಂದ ರಾತ್ರಿ ಚಳಿಯಲ್ಲಿದ್ದ ಹುಂಜ ಮರುದಿನ ಊದಿಕೊಂಡು ಕಂಡಾಗ ಹಾನಿ ಆಗಲೇ ಆಗಿಹೋಗಿರುತ್ತದೆ. ಮುಂದಿನ ದಿನಗಳಲ್ಲಿ ಅಂಚುಗಳು ನೇರಳೆಗೆ ತಿರುಗಿ ಕಪ್ಪಾದರೆ ಅಷ್ಟು ಭಾಗ ಸತ್ತಿದೆಯೆಂದು ತಿಳಿಯಬೇಕು.

ಚಳಿಯ ಜೊತೆ ತೇವವೂ ಸೇರಿದರೆ ಹಿಮಕಡಿತ ಇನ್ನಷ್ಟು ಸುಲಭವಾಗಿ ಆಗುತ್ತದೆ. ಉದ್ದ ಜೋಲುತೊಗಲಿನ ಹುಂಜ ತೆರೆದ ಪಾತ್ರೆಯಲ್ಲಿ ನೀರು ಕುಡಿಯುವಾಗ ಮಡಿಕೆಯ ತುದಿ ಪ್ರತಿ ಸಲವೂ ನೀರಿನಲ್ಲಿ ಅದ್ದುತ್ತದೆ, ಹೊರಗಿನ ಗಾಳಿಗೆ ಆ ನೀರು ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಚಳಿಗೆ ಹೆದರಿ ಗೂಡಿನ ಸಂದುಗಳನ್ನೆಲ್ಲ ಮುಚ್ಚಿದರೆ ಕೋಳಿಗಳ ಉಸಿರಿನ ಮತ್ತು ಹಿಕ್ಕೆಯ ತೇವ ಒಳಗೇ ಉಳಿದು ಇದೇ ಕೆಡುಕನ್ನು ಮಾಡುತ್ತದೆ. ಬೆಚ್ಚಗಿರಲೆಂದು ಬಿಗಿಯಾಗಿ ಮುಚ್ಚಿದ ಗೂಡಿಗಿಂತ ಮೇಲ್ಭಾಗದಲ್ಲಿ ಗಾಳಿಗಂಡಿ ಇರುವ ತಣ್ಣನೆಯ, ಒಣ ಗೂಡೇ ಕೋಳಿಗೆ ಕ್ಷೇಮವೆಂಬುದು ಶೀತದೇಶಗಳ ಸಾಕಣೆದಾರರು ನಷ್ಟ ಅನುಭವಿಸಿ ಕಲಿತ ಪಾಠ. ಗಾಳಿ ಕೋಳಿಗಳು ಕೂರುವ ಅಡ್ಡೆಯ ಮಟ್ಟದಲ್ಲಿ ಹಕ್ಕಿಯ ಮೈಗೆ ಬೀಸಬಾರದು, ಅದರ ತಲೆಯ ಮೇಲಿನಿಂದ ತೇವವನ್ನು ಹೊತ್ತು ಹೊರಹೋಗಬೇಕು. ನೀರಿಗೆ ಕೊಕ್ಕು ಮಾತ್ರ ತಾಗುವ ನಿಪ್ಪಲ್ ಕುಡಿಕೆಗಳು, ಅಥವಾ ಬಾಯಿ ಕಿರಿದಾದ ಪಾತ್ರೆ, ಜೋಲುತೊಗಲನ್ನು ಒಣಗಿಟ್ಟಿರುತ್ತವೆ. ಜುಟ್ಟಿಗೆ, ಜೋಲುತೊಗಲಿಗೆ ಪೆಟ್ರೋಲಿಯಂ ಜೆಲ್ಲಿ ಬಳಿಯುವ ವಾಡಿಕೆ ವ್ಯಾಪಕವಾಗಿದ್ದರೂ ಅದು ತೇವವನ್ನು ಸ್ವಲ್ಪಮಟ್ಟಿಗೆ ತಡೆದೀತೇ ಹೊರತು ಶೀತವನ್ನು ತಡೆಯಲಾರದು.

ಹಿಮಕಡಿತದ ಆರೈಕೆಯಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಹೆಪ್ಪುಗಟ್ಟಿದ ಭಾಗವನ್ನು ಉಜ್ಜಬಾರದು, ಏಕೆಂದರೆ ಒಳಗಿನ ಹರಳುಗಳು ಅಂಗಾಂಶವನ್ನು ಇನ್ನಷ್ಟು ಹರಿಯುತ್ತವೆ. ಬೆಂಕಿಯ ಹತ್ತಿರ ಹಿಡಿಯುವುದು, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಬಿಡುವುದು ಎರಡೂ ತಪ್ಪು; ಸ್ಪರ್ಶಜ್ಞಾನ ಕಳೆದುಕೊಂಡ ಚರ್ಮ ಸುಟ್ಟರೂ ಹಕ್ಕಿಗೆ ತಿಳಿಯುವುದಿಲ್ಲ. ಹುಂಜವನ್ನು ಒಣ ಜಾಗಕ್ಕೆ ತಂದು, ಅದರ ಮೈಶಾಖಕ್ಕೆ ಹತ್ತಿರವಾದ ಸುಮಾರು 38ರಿಂದ 40 ಡಿಗ್ರಿಯ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಜೋಲುತೊಗಲಿಗೆ ಮೃದುವಾಗಿ ತಾಗಿಸಿ ಹಿಡಿದು, ಬಣ್ಣ ಮರಳಿದ ಮೇಲೆ ಒರೆಸದೆ ಒತ್ತಿ ತೇವ ತೆಗೆಯಬೇಕು. ಅದೇ ರಾತ್ರಿ ಮತ್ತೆ ಚಳಿಗೆ ಬಿಡುವ ಪರಿಸ್ಥಿತಿಯಿದ್ದರೆ ಶಾಖ ಕೊಡುವ ಗೋಜಿಗೆ ಹೋಗದಿರುವುದೇ ಮೇಲು. ಕರಗಿ ಮತ್ತೆ ಹೆಪ್ಪುಗಟ್ಟುವುದರಿಂದ ಆಗುವ ಹಾನಿ ಮೊದಲಿನದಕ್ಕಿಂತ ದೊಡ್ಡದು. ಬೊಕ್ಕೆಗಳನ್ನು ಒಡೆಯಬಾರದು. ಕಪ್ಪಾದ ತುದಿಯನ್ನು ಕತ್ತರಿಸಲು ಆತುರಪಡಬಾರದು, ಏಕೆಂದರೆ ಸತ್ತ ಭಾಗಕ್ಕೂ ಬದುಕಿರುವ ಭಾಗಕ್ಕೂ ನಡುವಣ ಗೆರೆ ಸ್ಪಷ್ಟವಾಗಲು ವಾರಗಳು ಬೇಕು, ಒಣಗಿದ ತುದಿ ಬಹುಮಟ್ಟಿಗೆ ತಾನಾಗಿಯೇ ಕಳಚಿ ಬೀಳುತ್ತದೆ, ಅಷ್ಟರತನಕ ಅದು ಕೆಳಗಿನ ಚರ್ಮಕ್ಕೆ ಹೊದಿಕೆಯಾಗಿಯೂ ಇರುತ್ತದೆ. ಕಪ್ಪು ಭಾಗ ಒಣಗುವ ಬದಲು ಒದ್ದೆಯಾಗಿ, ದುರ್ವಾಸನೆ ಬೀರತೊಡಗಿದರೆ ಮಾತ್ರ ಸೋಂಕು ಸೇರಿದೆಯೆಂದು ತಿಳಿದು ವೈದ್ಯರಿಂದ ತೆಗೆಸಬೇಕಾಗುತ್ತದೆ. ತೀವ್ರವಾದ ಹಿಮಕಡಿತಕ್ಕೆ ಒಳಗಾದ ಹುಂಜ ಕೆಲಕಾಲ ಹೇಂಟೆಗಳೊಡನೆ ಕೂಡಲು ನಿರಾಸಕ್ತಿ ತೋರುವುದೂ ಅದರ ಫಲವಂತಿಕೆ ಇಳಿಯುವುದೂ ಉಂಟು. ವಸಂತದಲ್ಲಿ ಮರಿ ಮಾಡಿಸಬೇಕೆಂದಿರುವ ಸಾಕಣೆದಾರನಿಗೆ ಚರ್ಮದ ನಷ್ಟಕ್ಕಿಂತ ಇದು ದೊಡ್ಡ ನಷ್ಟ.

ಲೆಗ್‌ಹಾರ್ನ್, ಮಿನೋರ್ಕಗಳಂಥ ಮೆಡಿಟರೇನಿಯನ್ ತಳಿಗಳ ಹುಂಜಗಳು ಎತ್ತರದ ಗರಗಸದ ಜುಟ್ಟು, ಉದ್ದನೆಯ ಜೋಲುತೊಗಲು ಹೊಂದಿರುವುದರಿಂದ ಶೀತದೇಶಗಳಲ್ಲಿ ಮೊದಲು ನರಳುವವು ಇವೇ. ಕ್ವಿಬೆಕ್‌ನ ಓಕ ಎಂಬಲ್ಲಿದ್ದ ಟ್ರಾಪಿಸ್ಟ್ ಮಠದ ಸಂನ್ಯಾಸಿ ವಿಲ್‌ಫ್ರಿಡ್ ಶಾತೆಲೆನ್ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಾರ್ನಿಷ್, ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್, ವೈಯಾಂಡಟ್, ಪ್ಲಿಮತ್ ರಾಕ್ ತಳಿಗಳನ್ನು ಕೂಡಿಸಿ ರೂಪಿಸಿದ ಶಾಂಟೆಕ್ಲೆರ್ ತಳಿ ಈ ತೊಂದರೆಗೆ ಕೊಟ್ಟ ಉತ್ತರ: ಅದರ ಜುಟ್ಟು ತಲೆಗೆ ಅಂಟಿದ ಸಣ್ಣ ಗುಬುಟಿನಷ್ಟಿದ್ದು ಜೋಲುತೊಗಲು ಇದೆಯೋ ಇಲ್ಲವೋ ಎನ್ನುವಷ್ಟು ಕಿರಿದು. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1921ರಲ್ಲಿ ಇದರ ಬಿಳಿ ಬಗೆಯನ್ನು ಅಂಗೀಕರಿಸಿತು. ಜುಟ್ಟಿನ ಆಕಾರ ಆನುವಂಶಿಕವಾಗಿ ಸಾಗುವ ಬಗೆ ಅಷ್ಟರಲ್ಲಾಗಲೇ ತಿಳಿದಿತ್ತು. ಮೆಂಡೆಲನ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಂದು ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿಕೊಟ್ಟದ್ದು ಕೋಳಿಜುಟ್ಟುಗಳಿಂದಲೇ. ಬಟಾಣಿಜುಟ್ಟು ಎನಿಸಿಕೊಂಡ, ಮೂರು ಸಾಲು ಗುಬುಟುಗಳ ಸಣ್ಣ ಜುಟ್ಟನ್ನು ಉಂಟುಮಾಡುವ ಆನುವಂಶಿಕ ಬದಲಾವಣೆ ಜೋಲುತೊಗಲನ್ನೂ ಕುಗ್ಗಿಸುತ್ತದೆ. ಇನ್ನೊಂದು ಗಿಡ್ಡ ಜುಟ್ಟಾದ ಗುಲಾಬಿಜುಟ್ಟಿನ ಬದಲಾವಣೆಯಾದರೋ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಹುಂಜದ ವೀರ್ಯಾಣುಗಳ ಚಲನೆಯನ್ನು ಕುಂದಿಸುತ್ತದೆ. ಚಳಿಗೆ ಒಗ್ಗುವ ಜುಟ್ಟಿಗೂ ಹೀಗೆ ಒಂದು ಬೆಲೆಯಿದೆ. ಎಳೆಯ ಹುಂಜದ ಜುಟ್ಟು, ಜೋಲುತೊಗಲುಗಳನ್ನು ಕತ್ತರಿಸಿಹಾಕುವ ಹಳೆಯ ಪದ್ಧತಿಯೂ ಇದ್ದು, ಕಾದಾಟದ ಹುಂಜಗಳಿಗಾಗಿ ಹುಟ್ಟಿದ ಅದನ್ನು ಚಳಿಯ ಹೆಸರಿನಲ್ಲಿ ಸಮರ್ಥಿಸಿಕೊಳ್ಳಲಾಗುತ್ತಿತ್ತು.

ಭಾರತದಲ್ಲಿ ಲಡಾಖ್, ಕಾಶ್ಮೀರ, ಹಿಮಾಚಲದಂಥ ಕಡೆಯ ಎತ್ತರದ ಕಣಿವೆಗಳನ್ನು ಬಿಟ್ಟರೆ ಹಿಮಕಡಿತದ ಪ್ರಶ್ನೆ ಏಳುವುದಿಲ್ಲ. ಕರ್ನಾಟಕದಲ್ಲಿ ಚಳಿ ಹೆಚ್ಚೆನಿಸುವ ಬೀದರ್, ವಿಜಯಪುರಗಳಲ್ಲಾಗಲಿ ಕೊಡಗು, ಚಿಕ್ಕಮಗಳೂರಿನ ಬೆಟ್ಟಗಳಲ್ಲಾಗಲಿ ಹುಂಜದ ರಕ್ತ ಹೆಪ್ಪುಗಟ್ಟುವಂಥ ಶೀತವಿಲ್ಲ. ಆದರೂ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ನಾಟಿ ಕೋಳಿಗಳ, ಉತ್ತರ ಕರ್ನಾಟಕದವರು ಜವಾರಿ ಎನ್ನುವ ಕೋಳಿಗಳ, ಮುಖ ಊದುವುದು ಹಳ್ಳಿಗಳಲ್ಲಿ ಅಪರೂಪವಲ್ಲ, ಅದನ್ನು ಥಂಡಿಯ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದೂ ಉಂಟು. ಚಳಿ ಇಲ್ಲಿ ಪರೋಕ್ಷ ಕಾರಣ. ರಾತ್ರಿ ಮಂಕರಿಯಡಿಯಲ್ಲೋ ಮುಚ್ಚಿದ ಗೂಡಿನಲ್ಲೋ ಕೋಳಿಗಳನ್ನು ಒತ್ತೊತ್ತಾಗಿ ಕೂಡಿದಾಗ ಹಿಕ್ಕೆಯಿಂದೇಳುವ ಅಮೋನಿಯ ಅನಿಲ ಉಸಿರಾಟದ ದಾರಿಯ ಒಳಪೊರೆಯನ್ನು ಕೆಡಿಸಿ ಸೋಂಕಿಗೆ ಬಾಗಿಲು ತೆರೆಯುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ದಶಲಕ್ಷಕ್ಕೆ 25 ಭಾಗಗಳನ್ನು ಮೀರಬಾರದೆಂಬುದು ಸಾಕಣೆಶಾಸ್ತ್ರದ ಸಾಮಾನ್ಯ ಮಿತಿ. ಗೂಡಿನ ಬಾಗಿಲು ತೆಗೆದೊಡನೆ ಮನುಷ್ಯನ ಕಣ್ಣು ಉರಿಯುವಂತಿದ್ದರೆ ಮಿತಿ ಮೀರಿದೆಯೆಂದೇ ತಿಳಿಯಬಹುದು.

ಸೋಂಕುಗಳಲ್ಲಿ ಮುಖದ ಊತಕ್ಕೆ ಹೆಸರಾದದ್ದು ಸಾಂಕ್ರಾಮಿಕ ಕೊರೈಜ, ಅಂದರೆ ಕೋಳಿಗಳ ಅಂಟುನೆಗಡಿ. ಏವಿಬ್ಯಾಕ್ಟೀರಿಯಂ ಪ್ಯಾರಾಗ್ಯಾಲಿನೇರಮ್ ಎಂಬ ಬ್ಯಾಕ್ಟೀರಿಯದಿಂದ ಬರುವ ಈ ರೋಗ ತಗಲಿದ ಒಂದರಿಂದ ಮೂರು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ: ಮೂಗಿನಲ್ಲಿ ಸಿಂಬಳ, ಸೀನು, ಕಣ್ಣಿನ ಸುತ್ತ ಊತ, ಹುಂಜಗಳಲ್ಲಿ ವಿಶೇಷವಾಗಿ ಜೋಲುತೊಗಲಿನ ಊತ, ಇವೆಲ್ಲಕ್ಕಿಂತ ಮಿಗಿಲಾಗಿ ಮುಖದ ಬಳಿ ಬರುವ ಕೆಟ್ಟ ವಾಸನೆ. ಈ ಬ್ಯಾಕ್ಟೀರಿಯ ಕೋಳಿಯ ಮೈಯಿಂದ ಹೊರಗೆ ಹೆಚ್ಚು ಕಾಲ ಬದುಕಲಾರದು, ಮೊಟ್ಟೆಯ ಮೂಲಕವೂ ಹರಡುವುದಿಲ್ಲ. ಅದನ್ನು ಜೀವಂತವಾಗಿ ಉಳಿಸಿಕೊಂಡು ಬರುವವು ವಾಸಿಯಾದಂತೆ ಕಾಣುವ ಕೋಳಿಗಳೇ. ಸಂತೆಯಿಂದ ತಂದ ಹುಂಜವನ್ನು ಅದೇ ಸಂಜೆ ಮನೆಯ ಕೋಳಿಗಳ ಜೊತೆ ಬಿಟ್ಟದ್ದು, ವಾರದೊಳಗೆ ಹಿಂಡೆಲ್ಲ ಸೀನತೊಡಗಿದ್ದು, ಈ ರೋಗ ಬರುವ ಸಾಮಾನ್ಯ ದಾರಿ.

ಕೋಳಿ ಕಾಲರ ಇನ್ನೊಂದು ಬಗೆಯದು. ಮನುಷ್ಯರ ಕಾಲರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ಕಾರಕ ಪಾಶ್ಚರೆಲ್ಲ ಮಲ್ಟೊಸಿಡ. ಲೂಯಿ ಪಾಶ್ಚರ್ 1879–80ರಲ್ಲಿ ಈ ಬ್ಯಾಕ್ಟೀರಿಯವನ್ನು ಬೆಳೆಸಿ ಹಳಸಲು ಬಿಟ್ಟ ದ್ರಾವಣಗಳು ಕೋಳಿಗಳನ್ನು ಕೊಲ್ಲದೆ ಅವಕ್ಕೆ ರಕ್ಷಣೆ ಕೊಡುವುದನ್ನು ಕಂಡುಕೊಂಡದ್ದು ಪ್ರಯೋಗಾಲಯದಲ್ಲಿ ಶಕ್ತಿಗುಂದಿಸಿದ ಲಸಿಕೆಗಳ ಯುಗಕ್ಕೆ ನಾಂದಿಯಾಯಿತು. ಆಂತ್ರ್ಯಾಕ್ಸ್, ಹುಚ್ಚುನಾಯಿ ಕಡಿತಗಳ ಲಸಿಕೆಗಳಿಗೆ ದಾರಿ ತೋರಿದ ಕಾಯಿಲೆ ಕೋಳಿಯದೆಂಬುದನ್ನು ವೈದ್ಯಚರಿತ್ರೆ ಮರೆತಿಲ್ಲ. ರೋಗದ ತೀವ್ರ ರೂಪದಲ್ಲಿ ಚೆನ್ನಾಗಿದ್ದ ಕೋಳಿ ಬೆಳಗಾಗುವುದರಲ್ಲಿ ಸತ್ತುಬಿದ್ದಿರುತ್ತದೆ, ಜುಟ್ಟು ನೀಲಿಗಟ್ಟಿರುತ್ತದೆ. ತೀವ್ರ ರೂಪದಿಂದ ಉಳಿದುಕೊಂಡವುಗಳಲ್ಲಿ, ಅಥವಾ ರೋಗಾಣು ದುರ್ಬಲವಾಗಿದ್ದಾಗ, ದೀರ್ಘಕಾಲಿಕ ರೂಪ ಕಾಣಿಸುತ್ತದೆ. ಆಗ ಸೋಂಕು ಒಂದೊಂದು ಜಾಗದಲ್ಲಿ ನೆಲೆಯೂರುತ್ತದೆ, ಜೋಲುತೊಗಲು, ಕಾಲಿನ ಕೀಲು, ಕಿವಿಯ ಒಳಭಾಗ ಅದರ ನೆಲೆಗಳು. ಕಿವಿಗೆ ತಾಗಿದಾಗ ಕತ್ತು ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಹೆಚ್ಚಾಗಿ ನಾಲ್ಕು ತಿಂಗಳು ಮೀರಿದ ಕೋಳಿಗಳಿಗೇ ಬರುವ ಈ ರೋಗವನ್ನು ಇಲಿ ಹೆಗ್ಗಣಗಳೂ ಕಾಡುಹಕ್ಕಿಗಳೂ ಹೊತ್ತು ತರಬಲ್ಲವು. ಬಿಸಿಲು, ಒಣಹವೆ, ಸಾಮಾನ್ಯ ಸೋಂಕುನಾಶಕಗಳು ಈ ರೋಗಾಣುವನ್ನು ಬೇಗನೆ ಕೊಲ್ಲುತ್ತವೆ. ಬಿಸಿಲು ಬೀಳದ ಗೂಡಿನ ಮೂಲೆಯೂ ಹೂಳದೆ ಎಸೆದ ಸತ್ತ ಕೋಳಿಯೂ ಅದಕ್ಕೆ ಆಶ್ರಯ.

ಈ ಎರಡಕ್ಕಿಂತ ಭಿನ್ನವಾಗಿ, ಯಾವ ಆರೈಕೆಗೂ ಕೈಹಾಕದೆ ವರದಿ ಮಾಡಲೇಬೇಕಾದ ಕಾಯಿಲೆ ಹಕ್ಕಿ ಜ್ವರ. ಜುಟ್ಟು ಮತ್ತು ಜೋಲುತೊಗಲು ಊದಿ ನೇರಳೆ ಬಣ್ಣಕ್ಕೆ ತಿರುಗುವುದು, ಕಾಲಿನ ಚರ್ಮದಲ್ಲಿ ರಕ್ತಸ್ರಾವದ ಕೆಂಪು ಮಚ್ಚೆಗಳು, ಒಂದೆರಡು ದಿನಗಳಲ್ಲಿ ಹಲವು ಕೋಳಿಗಳ ಸಾವು ಒಟ್ಟಿಗೆ ಕಂಡರೆ ಇದನ್ನು ಶಂಕಿಸಬೇಕು. ವಲಸೆ ನೀರುಹಕ್ಕಿಗಳು ಬರುವ ಚಳಿಗಾಲ ಇದರ ಮುಖ್ಯ ಋತು. ಭಾರತದಲ್ಲಿ ಇದು ಮೊದಲು ವರದಿಯಾದದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಕಾಣಿಸಿಕೊಂಡಿತು. ಮಾದರಿಗಳನ್ನು ಖಚಿತಪಡಿಸುವುದು ಭೋಪಾಲಿನ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿರೋಗ ಸಂಸ್ಥೆ. ರೋಗ ಖಚಿತವಾದರೆ ಸುತ್ತಲ 1 ಕಿಲೋಮೀಟರ್ ಒಳಗಿನ ಸಾಕುಕೋಳಿಗಳನ್ನು ಕೊಂದು, 10 ಕಿಲೋಮೀಟರ್‌ವರೆಗೆ ನಿಗಾ ಇಡಲಾಗುತ್ತದೆ. ಈ ವೈರಸ್ ಮನುಷ್ಯರಿಗೂ ಅಂಟಬಲ್ಲದಾದ್ದರಿಂದ ಶಂಕೆ ಬಂದ ಕೋಳಿಯನ್ನು ಕೊಯ್ದು ನೋಡುವುದಾಗಲಿ, ಅಡಿಗೆ ಮಾಡಿ ಮುಗಿಸಿಬಿಡೋಣವೆಂದು ಪುಕ್ಕ ತೆಗೆಯಲು ಕೂರುವುದಾಗಲಿ ಅಪಾಯಕರ.

ಉಳಿದದ್ದು ಗಾಯ. ಎರಡು ಹುಂಜಗಳು ಕಾದಾಡಿದಾಗ ಒಂದು ಇನ್ನೊಂದರ ಜುಟ್ಟನ್ನೋ ಜೋಲುತೊಗಲನ್ನೋ ಕಚ್ಚಿ ಹಿಡಿಯುತ್ತದೆ. ಕೊಕ್ಕು ಚುಚ್ಚಿದ ಸಣ್ಣ ತೂತು ಮೇಲೆ ಮುಚ್ಚಿಕೊಂಡು ಒಳಗೆ ಕೀವಾಗುತ್ತದೆ. ಇಂಥ ಊತ ಬಹುಮಟ್ಟಿಗೆ ಒಂದೇ ಪಕ್ಕಕ್ಕೆ ಸೀಮಿತವಾಗಿರುತ್ತದೆ. ಸಸ್ತನಿಗಳ ಕೀವಿನಂತೆ ಹಕ್ಕಿಯ ಕೀವು ಹರಿಯುವುದಿಲ್ಲ, ಏಕೆಂದರೆ ಅದನ್ನು ಕರಗಿಸುವ ಕಿಣ್ವಗಳು ಹಕ್ಕಿಯ ಬಿಳಿರಕ್ತಕಣಗಳಲ್ಲಿ ಸಾಕಷ್ಟಿಲ್ಲ. ಅದು ಗಿಣ್ಣಿನಂತೆ ಗಟ್ಟಿಯಾಗಿ ಕೂಡುತ್ತದೆ. ಸೂಜಿ ಚುಚ್ಚಿ ಹಿಂಡಿದರೆ ಏನೂ ಬರುವುದಿಲ್ಲ, ಸೋಂಕು ಒಳಕ್ಕೆ ಹರಡುತ್ತದೆ, ಅಷ್ಟೆ. ಪಶುವೈದ್ಯರು ಸೀಳಿ ಗಡ್ಡೆಯನ್ನು ಇಡಿಯಾಗಿ ತೆಗೆದು, ಕುಳಿಯನ್ನು ಅಯೋಡಿನ್ ದ್ರಾವಣದಿಂದ ತೊಳೆಯಬೇಕಾಗುತ್ತದೆ. ಸುಗ್ಗಿಯ ನಂತರ ತುಳುನಾಡಿನಲ್ಲಿ ನಡೆಯುವ ಕೋಳಿ ಅಂಕಗಳ ಹುಂಜಗಳಲ್ಲಿ ಇಂಥ ಗಾಯಗಳು ಸಾಮಾನ್ಯ. ಪ್ರಾಣಿಗಳನ್ನು ಕಾದಾಡಿಸುವುದನ್ನು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಅಪರಾಧವೆನ್ನುತ್ತದೆ. ಕಾನೂನಿನ ಮಾತು ಹಾಗಿರಲಿ, ಹತ್ತಾರು ಊರುಗಳ ಹುಂಜಗಳು ರಕ್ತ ಸುರಿಸುತ್ತ ಒಂದೆಡೆ ಸೇರುವ ಕಣ ಸೋಂಕು ಹರಡಲು ಹೇಳಿ ಮಾಡಿಸಿದ ಜಾಗವೆಂಬುದರಲ್ಲಿ ಅನುಮಾನವಿಲ್ಲ.

ಕಾರಣ ಯಾವುದೆಂದು ತಿಳಿಯುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ, ಊದಿದ ಹುಂಜವನ್ನು ಬೇರೆ ಇರಿಸುವುದು. ಬೇರೆ ಪಂಜರ, ಬೇರೆ ನೀರಿನ ಪಾತ್ರೆ ಬೇಕು. ಮೇವು ನೀರು ಹಾಕುವಾಗ ಆರೋಗ್ಯವಾಗಿರುವ ಕೋಳಿಗಳದ್ದನ್ನು ಮೊದಲು ಮುಗಿಸಿ ಕೊನೆಗೆ ಕಾಯಿಲೆಯದರ ಬಳಿ ಹೋಗಬೇಕು, ಕೈ ಮತ್ತು ಚಪ್ಪಲಿ ತೊಳೆಯಬೇಕು. ಆಮೇಲೆ ಹಗಲು ಬೆಳಕಿನಲ್ಲಿ ಪರೀಕ್ಷೆ: ಊತ ಒಂದೇ ಪಕ್ಕಕ್ಕೋ ಎರಡೂ ಪಕ್ಕಕ್ಕೋ, ಮುಟ್ಟಿದರೆ ಬಿಸಿಯೋ ತಣ್ಣಗೋ, ಬೆರಳೊತ್ತಿದರೆ ಗುಳಿ ಬೀಳುತ್ತದೆಯೋ ಒಳಗೆ ಗಡ್ಡೆ ಸಿಗುತ್ತದೆಯೋ, ಮೂಗಿನಿಂದ ಏನಾದರೂ ಸುರಿಯುತ್ತಿದೆಯೋ, ಹಿಕ್ಕೆ ಹಸಿರಾಗಿ ನೀರಾಗಿದೆಯೋ, ಹಿಂಡಿನ ಬೇರೆ ಕೋಳಿಗಳು ಮಂಕಾಗಿವೆಯೋ ಎಂಬುದನ್ನು ನೋಡಿಟ್ಟುಕೊಂಡರೆ ಪಶುವೈದ್ಯರ ಅರ್ಧ ಕೆಲಸ ಹಗುರಾಗುತ್ತದೆ. ಕೋಳಿ ಕಾಲರದ ಶಂಕೆಯಿದ್ದಾಗ ಸತ್ತ ಕೋಳಿಯ ಹೃದಯದ ರಕ್ತವನ್ನು ಗಾಜಿನ ಪಟ್ಟಿಗೆ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪಾಶ್ಚರೆಲ್ಲ ಎರಡು ತುದಿಗಳಲ್ಲಿ ಮಾತ್ರ ಗಾಢವಾಗಿ ಬಣ್ಣ ಹಿಡಿಯುತ್ತದೆ. ಕರ್ನಾಟಕದಲ್ಲಿ ಇಂಥ ಪರೀಕ್ಷೆಗೆ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯ ನೆರವಿದೆ.

ಕಾಯಿಲೆ ಹುಂಜದ ಗೂಡಿನಲ್ಲಿ ಭತ್ತದ ಹೊಟ್ಟನ್ನು ದಪ್ಪನಾಗಿ ಹಾಸಿ, ಒದ್ದೆಯಾದದ್ದನ್ನು ದಿನವೂ ತೆಗೆಯಬೇಕು. ಬಲ್ಬಿನ ಶಾಖ ಕೊಡುವುದಾದರೆ ಅದನ್ನು ಗೂಡಿನ ಒಂದು ಮೂಲೆಗೆ ಮಾತ್ರ ಬೀಳುವಂತಿಟ್ಟು, ಬೇಕೆನಿಸಿದಾಗ ಹಕ್ಕಿ ಹತ್ತಿರ ಬರುವಂತೆ, ಸಾಕೆನಿಸಿದಾಗ ದೂರ ಸರಿಯುವಂತೆ ಜಾಗ ಬಿಡಬೇಕು. ಮುಖ ಊದಿ ಕಣ್ಣು ಮುಚ್ಚಿಹೋದ ಹುಂಜ ಹಸಿವಿದ್ದರೂ ಮೇವನ್ನು ಕಾಣದೆ ಸೊರಗುವುದರಿಂದ, ಉಗುರುಬೆಚ್ಚಗಿನ ಉಪ್ಪುನೀರಿನಿಂದ ಕಣ್ಣು ಮೂಗು ಒರೆಸಿ, ಮೇವನ್ನು ಕೊಕ್ಕಿಗೆ ತಾಗುವಂತೆ ಹಿಡಿಯಬೇಕು. ಬೇಯಿಸಿದ ಅಕ್ಕಿನುಚ್ಚು, ನೆನೆಸಿದ ಕೋಳಿ ಆಹಾರ, ಬೇಯಿಸಿ ಪುಡಿಮಾಡಿದ ಮೊಟ್ಟೆ ನುಂಗಲು ಸುಲಭ. ಬಾಯಿಗೆ ನೀರು ಸುರಿಯುವುದು ಒಳ್ಳೆಯದಲ್ಲ. ಕೋಳಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ತೆರೆದಿರುವುದರಿಂದ ನೀರು ಶ್ವಾಸಕೋಶಕ್ಕೆ ಹೋಗಬಹುದು, ಹನಿಯನ್ನು ಕೊಕ್ಕಿನ ಅಂಚಿಗೆ ತಾಗಿಸಿದರೆ ಅದು ತಾನೇ ಹೀರಿಕೊಳ್ಳುತ್ತದೆ. ಅರಿಸಿನ ಬೆರೆಸಿದ ಕೊಬ್ಬರಿ ಎಣ್ಣೆಯನ್ನು ತೆರೆದ ಮೇಲುಗಾಯಕ್ಕೆ ಹಚ್ಚುವ ರೂಢಿಯಿಂದ ಕೇಡಿಲ್ಲವಾದರೂ ಒಳಗೆ ಕೂತ ಕೀವಿಗೆ ಅದು ತಲುಪುವುದಿಲ್ಲ.

ಔಷಧಿಯ ವಿಷಯದಲ್ಲಿ ಸ್ವಂತ ಪ್ರಯೋಗಗಳು ಹಿಂಡಿಗೂ ಮನೆಯವರಿಗೂ ಹಾನಿ ತರುತ್ತವೆ. ಕೊರೈಜಕ್ಕೂ ಕೋಳಿ ಕಾಲರಕ್ಕೂ ಸಲ್ಫಾ ಮತ್ತು ಟೆಟ್ರಾಸೈಕ್ಲಿನ್ ವರ್ಗದ ಔಷಧಿಗಳು ಕೆಲಸ ಮಾಡುತ್ತವಾದರೂ ಅವು ಲಕ್ಷಣಗಳನ್ನು ತಗ್ಗಿಸುತ್ತವೆಯೇ ಹೊರತು ರೋಗಾಣುವನ್ನು ಪೂರ್ತಿ ತೊಡೆಯುವುದಿಲ್ಲ. ಔಷಧಿ ನಿಂತ ಮೇಲೆ ರೋಗ ಮರುಕಳಿಸುವುದು ಸಾಮಾನ್ಯ. ಕೊಟ್ಟ ಔಷಧಿಯ ಅಂಶ ಮಾಂಸ ಮೊಟ್ಟೆಗಳಿಂದ ಪೂರ್ತಿ ಇಳಿಯುವವರೆಗೆ ಅವನ್ನು ತಿನ್ನಬಾರದ ಅವಧಿಯೊಂದಿದ್ದು, ಅದನ್ನು ವೈದ್ಯರಿಂದ ಕೇಳಿ ಪಾಲಿಸಬೇಕು. ಕೊಲಿಸ್ಟಿನ್ ಎಂಬ ಪ್ರತಿಜೈವಿಕವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು, ಮನುಷ್ಯರ ಕಟ್ಟಕಡೆಯ ಔಷಧಿಯಾದ ಅದಕ್ಕೆ ರೋಗಾಣುಗಳು ಒಗ್ಗಿಹೋಗಬಾರದೆಂದು. ನೋವಿಗೆ ಮೆಲಾಕ್ಸಿಕ್ಯಾಮ್ ಅನ್ನು ವೈದ್ಯರು ಅಳತೆಯಿಂದ ಕೊಡುವುದುಂಟು. ರಣಹದ್ದುಗಳ ಸಾಮೂಹಿಕ ಸಾವಿಗೆ ಕಾರಣವಾಗಿ 2006ರಲ್ಲಿ ಪಶುಬಳಕೆಯಿಂದ ನಿಷೇಧಗೊಂಡ ಡೈಕ್ಲೊಫೆನಾಕನ್ನು ಮನೆಯಲ್ಲಿದೆಯೆಂದು ಹುಂಜಕ್ಕೆ ನುಂಗಿಸಬಾರದು. ದೀರ್ಘಕಾಲಿಕ ಕೋಳಿ ಕಾಲರವೆಂದು ಖಚಿತವಾದ ಹುಂಜವನ್ನು, ಅದು ಎಷ್ಟೇ ಚಂದದ್ದಿರಲಿ, ಹಿಂಡಿಗೆ ಮರಳಿಸದಿರುವುದೇ ವಿವೇಕ; ಅದು ಬದುಕಿರುವಷ್ಟು ಕಾಲವೂ ರೋಗಾಣುವನ್ನು ಹೊತ್ತಿರಬಲ್ಲದು.

ಹಿಮಕಡಿತದಿಂದಲೋ ಗಾಯದಿಂದಲೋ ಚೇತರಿಸಿಕೊಂಡ ಹುಂಜವನ್ನು ಮರಳಿ ಬಿಡುವುದಕ್ಕೂ ಕ್ರಮವಿದೆ. ನಾರ್ವೆಯ ಥಾರ್ಲೈಫ್ ಶೆಲ್ಡರಪ್-ಎಬ್ಬೆ 1922ರಲ್ಲಿ ವಿವರಿಸಿದಂತೆ ಕೋಳಿಹಿಂಡಿನಲ್ಲಿ ಯಾವುದು ಯಾವುದನ್ನು ಕುಕ್ಕಬಹುದೆಂಬ ಖಚಿತವಾದ ಶ್ರೇಣಿಯಿದ್ದು, ಕೋಳಿಗಳು ಪರಸ್ಪರ ಗುರುತಿಸುವುದರಲ್ಲಿ ತಲೆ ಮತ್ತು ಜುಟ್ಟಿನ ರೂಪದ ಪಾತ್ರ ದೊಡ್ಡದು. ವಾರಗಟ್ಟಲೆ ಕಾಣೆಯಾಗಿ, ಜುಟ್ಟಿನ ತುದಿ ಉದುರಿ, ಜೋಲುತೊಗಲು ಮೊಟಕಾಗಿ ಬಂದ ಹುಂಜವನ್ನು ಹಿಂಡು ಹೊಸಬನೆಂದೇ ಬಗೆದು ಮೇಲೆ ಬೀಳಬಹುದು. ಇನ್ನೊಂದು ಹುಂಜವಿದ್ದರಂತೂ ಕಾದಾಟ ಖಂಡಿತ. ಆದ್ದರಿಂದ ಕೆಲವು ದಿನ ತಂತಿಬಲೆಯ ಆಚೆ ಈಚೆ ಇಟ್ಟು ಒಂದನ್ನೊಂದು ನೋಡಗೊಟ್ಟು, ಹೊಸ ಚರ್ಮ ಬಲಿತ ಮೇಲೆ, ಮೇವಿನ ತಟ್ಟೆಗಳನ್ನು ಎರಡು ಮೂರು ಕಡೆ ಹಂಚಿಟ್ಟು ಕಣ್ಣಳತೆಯಲ್ಲಿ ಬಿಡಬೇಕು. ಅದಕ್ಕಿಂತ ಮೊದಲೇ ಬಿಟ್ಟರೆ ಬೇರೆ ಕೋಳಿಗಳು ಕುಕ್ಕುವುದು ಇನ್ನೂ ಮಾಯದ ಅಂಚನ್ನೇ.